ಅಪ್ಪನ ಡಬ್ಬಿ, ಅಣ್ಣನ ಲೆಕ್ಕ

ಪ್ರಶ್ನೆ: ನಾನು ಉಡುಪಿ ಜಿಲ್ಲೆಯವಳು, ವಯಸ್ಸು ನಲವತ್ತಾರು. ಅಪ್ಪ ಹಡಗಿನಲ್ಲಿ ಕೆಲಸಕ್ಕಿದ್ದವರು. ಅರವತ್ತರ ದಶಕದಲ್ಲಿ ಸೇರಿ ಎಂಬತ್ತರ ದಶಕದ ಕೊನೆಗೆ ಊರಿಗೆ ಬಂದು ನೆಲೆಸಿದರು. ಕಳೆದ ವರ್ಷ ತೀರಿಕೊಂಡರು. ಅವರು ದುಡಿದು ತೆಗೆದುಕೊಂಡ ಒಂದೂವರೆ ಎಕರೆ ಅಡಿಕೆ ತೋಟವಿದೆ. ಉಯಿಲು ಬರೆದಿಲ್ಲ. ಈಗ ಅಮ್ಮ, ಅಣ್ಣ, ನಾನು ಮೂವರೇ. ಅಮ್ಮ ಅಣ್ಣನ ಜೊತೆ ಇದ್ದಾರೆ.

ಅಪ್ಪ ಹೋದ ಹೋದ ಬಂದರಿನಿಂದ ನಾಣ್ಯ ತರುತ್ತಿದ್ದರು. ಕ್ವಾಲಿಟಿ ಸ್ಟ್ರೀಟ್ ಚಾಕೊಲೇಟಿನ ಹಳೇ ಡಬ್ಬಿಯಲ್ಲಿ ಸುಮಾರು ಇನ್ನೂರು ನಾಣ್ಯಗಳಿವೆ. ಅದರ ಜೊತೆ ಎರಡು ಪುಸ್ತಕ. ಒಂದು ಯೋಮನ್ ಎಂಬವರದು, ಅರವತ್ತರ ದಶಕದ್ದು. ಇನ್ನೊಂದನ್ನು ಎತ್ತಲು ಎರಡೂ ಕೈ ಬೇಕು: ‘ಸ್ಟ್ಯಾಂಡರ್ಡ್ ಕ್ಯಾಟಲಾಗ್ ಆಫ್ ವರ್ಲ್ಡ್ ಕಾಯಿನ್ಸ್’, 1981 ಎಂದು ಮೇಲೆಯೇ ಇದೆ. ತಮ್ಮಲ್ಲಿರುವ ಪ್ರತಿ ನಾಣ್ಯದ ಬೆಲೆಗೆ ಅಪ್ಪ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಾರೆ. ಅಲ್ಲಲ್ಲಿ ‘ಮೊಂಬಾಸಾ 68’, ‘ಏಡನ್ 66’ ಎಂದು ಬರೆದಿದ್ದಾರೆ. ಕೊನೆಯ ಪುಟದಲ್ಲಿ ಕೂಡಿಸಿ ‘ಒಟ್ಟು 1,140 ಡಾಲರ್’ ಎಂದು ಬರೆದಿದ್ದಾರೆ.

ಇದನ್ನು ನೋಡಿದ ಮೇಲೆ ಅಣ್ಣನ ವರಸೆಯೇ ಬದಲಾಗಿದೆ. ಇವತ್ತಿನ ಡಾಲರ್ ದರದಲ್ಲಿ ಅದು ಒಂದು ಲಕ್ಷ, ನಲವತ್ತು ವರ್ಷದಲ್ಲಿ ಹತ್ತು ಪಟ್ಟಾದರೂ ಏರಿರುತ್ತದೆ, ಅಂದರೆ ಹತ್ತು ಲಕ್ಷ ಎನ್ನುತ್ತಾನೆ. 1780ರ ಬೆಳ್ಳಿ ನಾಣ್ಯ ಮೂರಿವೆ, ಅವೇ ಲಕ್ಷಗಟ್ಟಲೆ ಬಾಳುತ್ತವಂತೆ. ‘ಡಬ್ಬಿ ನೀನು ತೆಗೆದುಕೋ, ತೋಟದ ಹಕ್ಕುಬಿಡುಗಡೆಗೆ ಸಹಿ ಹಾಕು. ನಿನಗೇ ಲಾಭ’ ಎನ್ನುತ್ತಿದ್ದಾನೆ. ನನ್ನ ಮಗ ಮೊಬೈಲಿನಲ್ಲಿ ನೋಡಿ, ಹಳೇ ನಾಣ್ಯಕ್ಕೆ ಹನ್ನೆರಡು ಲಕ್ಷ ಕೊಡುವವರಿದ್ದಾರೆ, ಮೊದಲು ನೋಂದಣಿ ಶುಲ್ಕ ಕಟ್ಟಬೇಕು ಎನ್ನುತ್ತಾನೆ. ಅಮ್ಮನಿಗೆ ಬೇರೆಯೇ ಭಯ, ಪರದೇಶದ ದುಡ್ಡು ಮನೆಯಲ್ಲಿಟ್ಟುಕೊಂಡರೆ ಪೊಲೀಸರು ಬರುತ್ತಾರೆ ಎಂದು. ಅವರು ಪ್ರತಿ ದೀಪಾವಳಿಗೂ ಅವನ್ನು ಹುಣಸೆಹುಳಿ ಹಾಕಿ ತಿಕ್ಕಿ ಫಳಫಳ ಮಾಡಿಡುತ್ತಾರೆ. ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ಕಳಿಸಿಕೊಟ್ಟರೆ ಅಲ್ಲೇ ಮಾರುತ್ತೇನೆ ಎಂದಿದ್ದಾನೆ. ಕೆಲವು ಪುಟ, ಕೆಲವು ನಾಣ್ಯಗಳ ಫೋಟೊ ಕಳಿಸಿದ್ದೇನೆ. ಸಹಿ ಹಾಕಲೇ? ಅಣ್ಣನ ಜೊತೆ ಜಗಳ ನನಗೆ ಬೇಡ.

— ಹೆಸರು ಬೇಡ

ಉತ್ತರ: ಸಹಿ ಹಾಕಬೇಡಿ. ಮಿಕ್ಕ ಮಾತು ಆಮೇಲೆ.

ಅಪ್ಪ ಸ್ವಂತ ದುಡಿಮೆಯಿಂದ ಕೊಂಡ ತೋಟ, ಉಯಿಲು ಇಲ್ಲ ಎಂದಿದ್ದೀರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುವುದಾದರೆ ಅಮ್ಮ, ಅಣ್ಣ, ನೀವು ಮೂವರೂ ಸಮಪಾಲುದಾರರು. ಮದುವೆಯಾಗಿ ಬೇರೆ ಮನೆಗೆ ಹೋಗಿದ್ದೀರಿ ಎಂಬುದರಿಂದ ಪಾಲು ಕಡಿಮೆಯಾಗದು. ಅಷ್ಟೇ ಅಲ್ಲ, ಆ ಡಬ್ಬಿಯೂ ಅಪ್ಪನ ಆಸ್ತಿಯೇ, ಅದರಲ್ಲೂ ಮೂರು ಪಾಲು. ಅಂದರೆ ಅಣ್ಣ ನಿಮಗೆ ‘ಕೊಡುತ್ತೇನೆ’ ಎನ್ನುತ್ತಿರುವುದರಲ್ಲಿ ಒಂದು ಪಾಲು ಈಗಾಗಲೇ ನಿಮ್ಮದು, ಇನ್ನೊಂದು ಅಮ್ಮನದು. ಊರಿನ ವಕೀಲರೊಬ್ಬರಿಗೆ ಆರ್‌ಟಿಸಿ ತೋರಿಸಿ ಅರ್ಧ ಗಂಟೆ ಮಾತಾಡಿ. ಹಕ್ಕುಬಿಡುಗಡೆ ಪತ್ರ ಒಮ್ಮೆ ನೋಂದಣಿಯಾದರೆ ಹಿಂದಕ್ಕೆ ಪಡೆಯುವುದು ಸುಲಭವಲ್ಲ.

ಈ ಅಂಕಣಕ್ಕೆ ಆಸ್ತಿಪಾಲಿನ ಪತ್ರಗಳು ವಾರಕ್ಕೊಂದು ಬರುತ್ತವೆ. ನಾಣ್ಯದ ಕ್ಯಾಟಲಾಗ್ ಹಿಡಿದು ಪಾಲು ಕೇಳಿದ್ದನ್ನು ಇದೇ ಮೊದಲು ಕಂಡೆ. ಹಳೇ ಬೆಲೆಪುಸ್ತಕಗಳ ಹುಚ್ಚು ನನಗೂ ಸ್ವಲ್ಪ ಇರುವುದರಿಂದ ಫೋಟೊಗಳನ್ನು ಆಸೆಯಿಂದಲೇ ನೋಡಿದೆ. ನಿಮ್ಮಪ್ಪನ ಕೈಯಲ್ಲಿದ್ದದ್ದು ಒಳ್ಳೆಯ ಪುಸ್ತಕಗಳೇ. ತಪ್ಪಿರುವುದು ಪುಸ್ತಕದಲ್ಲಲ್ಲ, ಅದನ್ನು ಆಸ್ತಿಪತ್ರದಂತೆ ಓದುತ್ತಿರುವುದರಲ್ಲಿ.

ಯೋಮನ್ ಅಂದರೆ ರಿಚರ್ಡ್ ಯೋ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಸೀನ್ ಊರಿನ ವಿಟ್‌ಮನ್ ಪ್ರಕಾಶನದಲ್ಲಿದ್ದವರು. ಅಮೆರಿಕನ್ ನಾಣ್ಯ ಸಂಗ್ರಾಹಕರು ಇವತ್ತಿಗೂ ‘ರೆಡ್ ಬುಕ್’ ಎನ್ನುವ ಬೆಲೆಪುಸ್ತಕವನ್ನು 1946ರಲ್ಲಿ ಹೊರತಂದವರು ಅವರೇ. 1957ರಲ್ಲಿ ಪರದೇಶದ ನಾಣ್ಯಗಳಿಗೂ ಅಂಥದೊಂದು ಪುಸ್ತಕ ಮಾಡಿದರು. ಆ ಪುಸ್ತಕ ಮಾದರಿಯ ಲೆಕ್ಕದಲ್ಲಿ ಸಾಗುತ್ತದೆ. ಒಂದು ದೇಶದ ಒಂದು ಬಗೆಯ ನಾಣ್ಯಕ್ಕೆ ಒಂದು ಚಿತ್ರ, ಒಂದು ಸಂಖ್ಯೆ, ಬದಿಗೊಂದು ಬೆಲೆ. ಆ ಮಾದರಿಯನ್ನು ಹತ್ತು ವರ್ಷ ಅಚ್ಚು ಹಾಕಿದ್ದರೂ ಬೆಲೆ ಮಾತ್ರ ಒಂದೇ, ಅದೂ ಸುಲಭವಾಗಿ ಸಿಗುವ ಇಸವಿಯದು. ಹವ್ಯಾಸಕ್ಕೆ ಹೊಸದಾಗಿ ಇಳಿದವರಿಗೆ ಅಷ್ಟು ಸಾಕಾಗಿತ್ತು. ನಿಮ್ಮಪ್ಪನಂಥ ನಾವಿಕರಿಗಂತೂ ತಮ್ಮ ಜೇಬಿನಲ್ಲಿರುವುದು ಯಾವ ದೇಶದ್ದು ಎಂದು ತಿಳಿಯುವುದೇ ಮೊದಲ ಕೆಲಸ. ಅರಬ್ಬಿ, ಚೀನೀ ಅಕ್ಷರಗಳ ಮುಂದೆ ಕಣ್ಣು ಬಿಟ್ಟು ಕೂರುವವರ ಪಾಲಿಗೆ ಯೋಮನ್ ದೊಡ್ಡ ಉಪಕಾರಿ.

ಎರಡನೆಯ ಪುಸ್ತಕದ ಹುಟ್ಟೂರೂ ಅದೇ ವಿಸ್ಕಾನ್ಸಿನ್, ಅಯೋಲಾ ಎಂಬ ಪುಟ್ಟ ಹಳ್ಳಿ. ಅಲ್ಲಿ ಮರಗೆಲಸ ಮಾಡಿಕೊಂಡಿದ್ದ ಚೆಸ್ಟರ್ ಕ್ರೌಸ್ 1952ರಲ್ಲಿ ನಾಣ್ಯ ಸಂಗ್ರಾಹಕರಿಗೆಂದೇ ಒಂದು ಪತ್ರಿಕೆ ಶುರು ಮಾಡಿದರು. ಮುಂದೆ ಕ್ಲಿಫರ್ಡ್ ಮಿಷ್ಲರ್ ಜೊತೆಯಾದರು. 1972ರಲ್ಲಿ ಇಬ್ಬರೂ ಸೇರಿ ಈ ಕ್ಯಾಟಲಾಗಿನ ಮೊದಲ ಆವೃತ್ತಿ ತಂದರು. ನಾಣ್ಯ ಮಾರುವವರು ‘ಕೆಎಂ ನಂಬರ್ ಎಷ್ಟು?’ ಎಂದು ಕೇಳುತ್ತಾರಲ್ಲ, ಆ ಕೆಎಂ ಅಂದರೆ ಕ್ರೌಸ್, ಮಿಷ್ಲರ್. ಯೋಮನ್ ಸಂಖ್ಯೆಗೆ ವೈ. 1966ರಲ್ಲಿ ವಿಲಿಯಂ ಕ್ರೇಗ್ 1750ರಿಂದ 1850ರವರೆಗಿನ ನಾಣ್ಯಗಳಿಗೆ ಪಟ್ಟಿ ಮಾಡಿದರು, ಅವರದ್ದು ಸಿ. ಅಪ್ಪನ ಪೆನ್ಸಿಲ್ ಬರಹದಲ್ಲಿ ‘ವೈ’ ಎಂದಿರುವ ಕಡೆ ವರ್ಷ ಎಂದು ಓದಬೇಡಿ, ಅದು ಯೋಮನ್. ಈ ಸಂಖ್ಯೆ ಹೆಚ್ಚಾದರೆ ಬೆಲೆ ಹೆಚ್ಚು ಎಂದೂ ಇಲ್ಲ. ಅದು ಹಾಜರಿ ಪುಸ್ತಕದ ಕ್ರಮಸಂಖ್ಯೆ, ಅಷ್ಟೇ.

ಕ್ರೌಸ್ ಪುಸ್ತಕದ ಹೆಚ್ಚುಗಾರಿಕೆ ಎಂದರೆ ಇಸವಿ ಇಸವಿಗೂ ಬೇರೆ ಸಾಲು. ಆ ವರ್ಷ ಎಷ್ಟು ನಾಣ್ಯ ಟಂಕಿಸಿದರು ಎಂಬ ಲೆಕ್ಕ, ಆಮೇಲೆ ನಾಲ್ಕೋ ಐದೋ ಬೆಲೆಯ ಕಂಬಗಳು. ಎಡದಿಂದ ಬಲಕ್ಕೆ ಹೋದಂತೆ ನಾಣ್ಯದ ಸ್ಥಿತಿ ಚೆನ್ನಾಗುತ್ತಾ ಹೋಗುತ್ತದೆ: ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಕೊನೆಗೆ ಅನ್‌ಸರ್ಕ್ಯುಲೇಟೆಡ್. ಕೊನೆಯದೆಂದರೆ ಟಂಕಸಾಲೆಯಿಂದ ಬಂದದ್ದು ಬಂದ ಹಾಗೇ ಇದೆ, ಒಂದು ದಿನವೂ ಕೈಬದಲಾಗಿಲ್ಲ ಎಂದರ್ಥ. ‘ಫೈನ್’ ಎಂಬ ಹೆಸರು ಕೇಳಿ ಮೋಸಹೋಗಬಾರದು. ಸಂಗ್ರಾಹಕರ ಮಾತಿನಲ್ಲಿ ಅದು ಚೆನ್ನಾಗಿ ಸವೆದ ನಾಣ್ಯ.

ಈಗ ನೀವು ಕಳಿಸಿದ ಪುಟವನ್ನು ಮತ್ತೊಮ್ಮೆ ನೋಡಿ. ಬ್ರಿಟಿಷ್ ಪೂರ್ವ ಆಫ್ರಿಕಾದ ಒಂದು ಶಿಲಿಂಗ್. ಅಪ್ಪನ ಗುರುತು ಬಿದ್ದಿರುವುದು ಕಟ್ಟಕಡೆಯ ಕಂಬದಲ್ಲಿ. ಮಿಕ್ಕ ಪುಟಗಳಲ್ಲೂ ಹಾಗೆಯೇ. ನಾಣ್ಯದ ಫೋಟೊವನ್ನು ಪಕ್ಕಕ್ಕಿಟ್ಟು ನೋಡಿದೆ. ಬೆಟ್ಟದ ಸಾಲಿನ ಮುಂದೆ ನಿಂತ ಸಿಂಹ ಇದೆ, ಆದರೆ ಅದರ ಕೇಸರದಲ್ಲಿ ಒಂದು ಕೂದಲೂ ಬೇರೆಯಾಗಿ ಕಾಣುವುದಿಲ್ಲ, ನುಣ್ಣಗಾಗಿದೆ. ಮಗುಚಿದರೆ ದೊರೆಯ ಕಿವಿಯ ಮೇಲಿನ ಕೂದಲೂ ಮಾಯ. ಇದನ್ನು ‘ಫೈನ್’ ಎಂದರೂ ಧಾರಾಳವಾಯಿತು. ಮೊಂಬಾಸಾದ ಪೇಟೆಯಲ್ಲಿ ಹದಿನೈದಿಪ್ಪತ್ತು ವರ್ಷ ಓಡಾಡಿ ಸುಸ್ತಾದ ನಾಣ್ಯಕ್ಕೆ ನಿಮ್ಮಪ್ಪ ಹೊಸ ನಾಣ್ಯದ ಬೆಲೆ ಹಾಕಿಕೊಂಡಿದ್ದಾರೆ. ತಮ್ಮ ಖುಷಿಗೆ ತಾವು ಮಾಡಿಕೊಂಡ ಲೆಕ್ಕ ಅದು. ಸಂಗ್ರಾಹಕರೆಲ್ಲ ಒಂದಲ್ಲ ಒಂದು ರಾತ್ರಿ ಹೀಗೆ ಕೂಡಿಸಿ ನೋಡಿಕೊಂಡವರೇ. ಅವರು ಯಾರಿಗೂ ಮಾರಲು ಹೊರಟಿರಲಿಲ್ಲ. ಆ ಮೊತ್ತವನ್ನು ಕ್ರಯಪತ್ರಕ್ಕೆ ತಂದು ಅಂಟಿಸುತ್ತಿರುವುದು ಅಣ್ಣ.

ಇನ್ನು ಆ 1981. ಇಂಥ ಪುಸ್ತಕಗಳ ಮುಖಪುಟದ ಇಸವಿಯೇ ಬೇರೆ, ಒಳಗಿನ ಬೆಲೆಯ ಇಸವಿಯೇ ಬೇರೆ. ಮುಂದಿನ ವರ್ಷದ ಹೆಸರಿಟ್ಟು ಹಿಂದಿನ ವರ್ಷವೇ ಅಚ್ಚು ಹಾಕುವುದು ವಾಡಿಕೆ. ಹಾಗಾದರೆ 1981ರ ಪುಸ್ತಕದ ಬೆಲೆಗಳು ಕೂಡಿಬಂದದ್ದು 1980ರ ಆಸುಪಾಸಿನಲ್ಲಿ. ಆ ವರ್ಷವನ್ನು ಬೆಳ್ಳಿ ವ್ಯಾಪಾರ ಕಂಡವರು ಯಾರೂ ಮರೆಯರು. ಟೆಕ್ಸಾಸಿನ ಹಂಟ್ ಸೋದರರು ಲೋಕದ ಬೆಳ್ಳಿಯನ್ನೆಲ್ಲ ಬಾಚಿಕೊಳ್ಳಲು ಹೊರಟಿದ್ದರು. 1979ರ ಆರಂಭದಲ್ಲಿ ಔನ್ಸಿಗೆ 6 ಡಾಲರ್ ಆಸುಪಾಸಿನಲ್ಲಿದ್ದ ಬೆಳ್ಳಿ 1980ರ ಜನವರಿಯಲ್ಲಿ 50 ಡಾಲರ್ ಹತ್ತಿರ ಹೋಯಿತು. ಅದೇ ಮಾರ್ಚ್ 27ರಂದು ಒಂದೇ ದಿನದಲ್ಲಿ ಅರ್ಧಕ್ಕರ್ಧ ಕುಸಿದು 11 ಡಾಲರಿಗೆ ಬಂತು. ಅಮೆರಿಕ, ಇಂಗ್ಲೆಂಡುಗಳಲ್ಲಿ ಜನ ಅಜ್ಜನ ಕಾಲದ ಬೆಳ್ಳಿ ನಾಣ್ಯಗಳನ್ನು ಕರಗಿಸಲು ಚೀಲಗಟ್ಟಲೆ ಹೊತ್ತೊಯ್ದ ವರ್ಷ ಅದು. ಆ ಬಿಸಿಯಲ್ಲಿ ತಯಾರಾದ ಬೆಲೆಪುಸ್ತಕವೂ ಸ್ವಲ್ಪ ಬೆವೆತೇ ಇರುತ್ತದೆ. ಹಳೇ ಕ್ಯಾಟಲಾಗುಗಳ ಪೈಕಿ 1980, 81ರ ಆವೃತ್ತಿಗಳನ್ನು ನಾನು ಬೆಲೆಗಾಗಿ ನೋಡುವುದೇ ಇಲ್ಲ. ಆ ಕಾಲದ ಆಸೆ ಎಷ್ಟಿತ್ತು ಎಂದು ತಿಳಿಯಲು ಮಾತ್ರ ನೋಡುತ್ತೇನೆ.

ಅಣ್ಣನ ಗುಣಾಕಾರವನ್ನೂ ಬಿಡಿಸೋಣ. 1980ರಲ್ಲಿ ಡಾಲರಿಗೆ ಎಂಟು ರೂಪಾಯಿಯ ಹತ್ತಿರ. ಅಪ್ಪ ಬರೆದ 1,140 ಡಾಲರ್ ಆವತ್ತಿನ ನಮ್ಮ ದುಡ್ಡಿನಲ್ಲಿ ಒಂಬತ್ತು ಸಾವಿರ ಚಿಲ್ಲರೆ. ಅಣ್ಣ ಆವತ್ತಿನ ಡಾಲರ್ ಬೆಲೆಗೆ ಇವತ್ತಿನ ವಿನಿಮಯ ದರ ಹಾಕಿದ್ದಾನೆ. ಅದರ ಮೇಲೆ ಕೈಗೆ ಬಂದಂತೆ ಹತ್ತರಿಂದ ಗುಣಿಸಿದ್ದಾನೆ. ಡಾಲರ್ ಏರಿದ್ದಕ್ಕೆ ಒಂದು ಸಲ, ಕಾಲ ಕಳೆದದ್ದಕ್ಕೆ ಇನ್ನೊಂದು ಸಲ. ಹತ್ತು ಪಟ್ಟು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಅವನಲ್ಲಿ ಉತ್ತರವಿರದು. ನಿಮ್ಮದು ಅಡಿಕೆ ತೋಟದ ಮನೆ, ಆದ್ದರಿಂದ ಹೀಗೆ ಹೇಳಿದರೆ ಅಮ್ಮನಿಗೂ ತಿಳಿದೀತು: 1981ರ ಪೇಪರಿನ ಅಡಿಕೆ ಧಾರಣೆ ಇಟ್ಟುಕೊಂಡು, ಕರಿಗೋಟನ್ನು ಹಳೇ ಅಡಿಕೆಯ ದರಕ್ಕೆ ಕಟ್ಟಿ, ಅದಕ್ಕೆ ಹತ್ತರಿಂದ ಗುಣಿಸಿ ತಂಗಿಯ ಪಾಲು ತೀರಿಸಲು ಹೊರಟಂತಿದೆ ಇದು.

ಬೆಲೆಪುಸ್ತಕದ ಇನ್ನೊಂದು ಗುಟ್ಟಿದೆ, ಹೊಸಬರಿಗೆ ಯಾರೂ ಹೇಳುವುದಿಲ್ಲ. ಅದರಲ್ಲಿರುವುದು ಅಂಗಡಿಯವರು ಮಾರುವ ಬೆಲೆ, ನಿಮ್ಮಿಂದ ಕೊಳ್ಳುವ ಬೆಲೆಯಲ್ಲ. ಇವೆರಡರ ನಡುವೆ ಅಂಗಡಿಯ ಬಾಡಿಗೆ, ಲಾಭ, ವರ್ಷಗಟ್ಟಲೆ ಮಾರಾಟವಾಗದೆ ಬಿದ್ದಿರುವ ಸರಕು ಎಲ್ಲ ಇದೆ. ಪುಟದಲ್ಲಿ ಅತಿ ಕಡಿಮೆ ಎಂದು ಕಾಣುವ ಹತ್ತು, ಇಪ್ಪತ್ತು ಸೆಂಟಿನ ಬೆಲೆಗಳಂತೂ ನಾಣ್ಯದ ಬೆಲೆಯೇ ಅಲ್ಲ. ವ್ಯಾಪಾರಿ ಅದನ್ನು ರಾಶಿಯಿಂದ ಹುಡುಕಿ ಗುರುತಿಸಿ ಕವರಿಗೆ ಹಾಕಿ ಕೊಡುವ ಕೂಲಿ ಅದು. ಇನ್ನೂರರಲ್ಲಿ ನೂರೈವತ್ತು ಅಂಥವೇ ಇದ್ದರೆ, ಆ ನೂರೈವತ್ತು ಕೂಲಿಗಳನ್ನು ಕೂಡಿಸಿ ‘ಇಷ್ಟು ಕೊಡಿ’ ಎಂದು ಕೇಳಿದರೆ ಕೊಡುವವರಿಲ್ಲ. ಮಾಮೂಲಿ ಪರದೇಶಿ ನಾಣ್ಯಗಳನ್ನು ವ್ಯಾಪಾರಿಗಳು ಕೊಳ್ಳುವುದು ತೂಕಕ್ಕೆ, ಕಿಲೋ ಲೆಕ್ಕದಲ್ಲಿ.

ಹಾಗಾದರೆ ಡಬ್ಬಿಯಲ್ಲಿ ಏನೂ ಇಲ್ಲವೇ? ಇದೆ. ಆದರೆ ಅಣ್ಣ ಹುಡುಕುತ್ತಿರುವ ಕಡೆ ಇಲ್ಲ.

ಮೊದಲು ಇಲ್ಲದ್ದನ್ನು ನೋಡೋಣ. ನೀವು ಕಳಿಸಿದ ಫೋಟೊಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ, ಹೊಳೆಯುತ್ತಾ ಕಾಣುವುದು ಒಂದು ಕಡೆ ಎಲಿಜಬೆತ್ ರಾಣಿ, ಇನ್ನೊಂದು ಕಡೆ ಚರ್ಚಿಲ್ ಇರುವ 1965ರ ಕ್ರೌನ್. ಅಂಗೈಯಲ್ಲಿಟ್ಟರೆ ತೂಕವಾಗಿದೆ, ಚರ್ಚಿಲ್‌ರಂಥ ದೊಡ್ಡ ಹೆಸರಿದೆ, ಮೇಲೆ ಬೆಲೆಯನ್ನೂ ಕೆತ್ತಿಲ್ಲ. ಬೆಳ್ಳಿಯೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅದು ತಾಮ್ರ ನಿಕ್ಕಲಿನ ಮಿಶ್ರಲೋಹ. ಚರ್ಚಿಲ್ ತೀರಿಕೊಂಡ ವರ್ಷ ಬ್ರಿಟನ್ ಇದನ್ನು 1 ಕೋಟಿ 90 ಲಕ್ಷಕ್ಕೂ ಹೆಚ್ಚು ಟಂಕಿಸಿತು. ಎಲ್ಲರೂ ನೆನಪಿಗೆಂದು ಎತ್ತಿಟ್ಟರು. ಎಲ್ಲರೂ ಎತ್ತಿಟ್ಟದ್ದು ಅಪರೂಪವಾಗುವುದು ಹೇಗೆ? 1977ರ ರಜತ ಮಹೋತ್ಸವದ ಕ್ರೌನ್, 1981ರ ಚಾರ್ಲ್ಸ್, ಡಯಾನಾ ಮದುವೆಯ ಕ್ರೌನ್, ಇವುಗಳ ಕಥೆಯೂ ಇದೇ. ಇಂಗ್ಲೆಂಡಿಗೆ ಹೋಗಿಬಂದವರ ಮನೆಗಳಲ್ಲಿ ಷೋಕೇಸಿನೊಳಗೆ ಇವು ಇದ್ದೇ ಇರುತ್ತವೆ. ಮಲಯಾದ ಆ ಮೂಲೆ ಉರುಟಾದ ಚೌಕ ಸೆಂಟುಗಳು ನೋಡಲು ಮುದ್ದಾಗಿವೆ, ಮೊಮ್ಮಕ್ಕಳಿಗೆ ಕೊಡಲು ಚೆಂದ. ಬೆಲೆ ಕೇಳಬೇಡಿ.

ಇನ್ನು 1780. ಆ ದುಂಡು ಮುಖದ ಹೆಂಗಸು ಆಸ್ಟ್ರಿಯಾದ ಮಹಾರಾಣಿ ಮಾರಿಯಾ ತೆರೇಸಾ. ನಾಣ್ಯದ ಹೆಸರು ಥಾಲರ್. 1780 ಅವಳು ಸತ್ತ ವರ್ಷ. ಅರೇಬಿಯಾ, ಇಥಿಯೋಪಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಈ ನಾಣ್ಯವನ್ನು ಬಿಟ್ಟು ಬೇರೆಯದನ್ನು ಸುಲಭಕ್ಕೆ ಮುಟ್ಟುತ್ತಿರಲಿಲ್ಲ. ರಾಣಿಯ ಎದೆಯ ಮೇಲಿನ ಆಭರಣದ ಮಣಿಗಳನ್ನು ಉಗುರಿನಿಂದ ಮುಟ್ಟಿ ನೋಡಿ ಒಪ್ಪಿಕೊಳ್ಳುತ್ತಿದ್ದರಂತೆ. ಅದಕ್ಕೇ ಇಸವಿಯನ್ನೂ ಮುಖವನ್ನೂ ಬದಲಾಯಿಸದೆ ಅದನ್ನು ಟಂಕಿಸುತ್ತಲೇ ಹೋದರು. ವಿಯೆನ್ನಾದಲ್ಲಿ ಮಾತ್ರವಲ್ಲ, ರೋಮ್, ಲಂಡನ್, ಪ್ಯಾರಿಸ್, ಬ್ರಸೆಲ್ಸ್‌ಗಳಲ್ಲೂ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ನಮ್ಮ ಬಾಂಬೆ ಟಂಕಸಾಲೆಯಲ್ಲೂ ಟಂಕಿಸಿದರು. ವಿಯೆನ್ನಾದಲ್ಲಿ ಇವತ್ತಿಗೂ ನಿಂತಿಲ್ಲ. ಅಪ್ಪ ‘ಏಡನ್ 66’ ಎಂದು ಬರೆದಿರುವುದು ಇದರ ಪಕ್ಕದಲ್ಲೇ. ಸರಿಯಾಗಿದೆ, ಏಡನ್ ಪೇಟೆಗೆ ಇದು ಹೇಳಿಮಾಡಿಸಿದ ನಾಣ್ಯ. ಆದರೆ ಇದು ಇನ್ನೂರ ನಲವತ್ತು ವರ್ಷದ ಹಿಂದಿನದಾಗಿರುವ ಸಂಭವ ತೀರಾ ಕಡಿಮೆ. ಯಾವ ಟಂಕಸಾಲೆ, ಯಾವ ಕಾಲ ಎಂಬುದನ್ನು ಸಣ್ಣ ಸಣ್ಣ ಗುರುತಿನಿಂದ ಹೇಳುವ ಪರಿಣತರಿದ್ದಾರೆ. ಕೆಲವಕ್ಕೆ ಸ್ವಲ್ಪ ಹೆಚ್ಚು ಬೆಲೆಯೂ ಉಂಟು. ಹೇಗಿದ್ದರೂ ಒಂದು ಮಾತು ಖಚಿತ: ಅಸಲಿಯಾದರೆ ಒಂದರ ತೂಕ ಸುಮಾರು 28 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ 23.4 ಗ್ರಾಂ. ಮೂರಕ್ಕೆ 70 ಗ್ರಾಂ. ಗುರುತಿನ ಅಕ್ಕಸಾಲಿಗರಲ್ಲಿ ತೂಗಿಸಿ, ಪೇಪರಿನಲ್ಲಿ ಇವತ್ತಿನ ಬೆಳ್ಳಿ ದರ ನೋಡಿ ಗುಣಿಸಿ. ಲಕ್ಷಗಟ್ಟಲೆ ಅಲ್ಲ, ಆದರೆ ಡಬ್ಬಿಯಲ್ಲಿ ಬಹುಶಃ ಅತಿ ಹೆಚ್ಚು ಬಾಳುವ ಮೂರು ಬಿಲ್ಲೆ ಇವೇ.

ಇಲ್ಲೇ ಹಳೇ ಕ್ಯಾಟಲಾಗಿನ ನಿಜವಾದ ಉಪಯೋಗ. ಬೆಲೆಯ ಕಂಬಗಳನ್ನು ಕೈಯಿಂದ ಮುಚ್ಚಿ, ಅದರ ಮೇಲಿರುವ ಲೋಹದ ವಿವರವನ್ನು ಮಾತ್ರ ಓದಿ. ಬೆಲೆ ಹಳತಾಗುತ್ತದೆ, ಲೋಹ ಹಳತಾಗದು. ಅದೇ ಪೂರ್ವ ಆಫ್ರಿಕಾದ ಶಿಲಿಂಗನ್ನು ತೆಗೆದುಕೊಳ್ಳಿ: 1946ರವರೆಗಿನದರಲ್ಲಿ ನಾಲ್ಕರಲ್ಲಿ ಒಂದು ಪಾಲು ಬೆಳ್ಳಿ, 1948ರಿಂದ ಬೆಳ್ಳಿಯೇ ಇಲ್ಲ. ಫೋಟೊದಲ್ಲಿರುವುದು 1952ರದು, ಹಾಗಾಗಿ ಅದು ನಿಕ್ಕಲ್ ಗುಂಪಿಗೆ. 1940ರ ದಶಕದ ಮೊದಲ ವರ್ಷಗಳ ಶಿಲಿಂಗ್ ಏನಾದರೂ ಸಿಕ್ಕಿದರೆ ‘ಐ’ ಎಂಬ ಪುಟ್ಟ ಅಕ್ಷರ ಇದೆಯೇ ಎಂದು ಭೂತಗನ್ನಡಿ ಹಿಡಿದು ಹುಡುಕಿ, ಅದು ಬಾಂಬೆಯಲ್ಲಿ ಟಂಕಿಸಿದ್ದು. ಬ್ರಿಟನ್ನಿನ ಶಿಲಿಂಗ್, ಫ್ಲೋರಿನ್, ಅರ್ಧ ಕ್ರೌನ್‌ಗಳಲ್ಲಿ 1919ರವರೆಗೆ ನೂರಕ್ಕೆ ತೊಂಬತ್ತೆರಡೂವರೆ ಪಾಲು ಬೆಳ್ಳಿ, 1920ರಿಂದ 1946ರವರೆಗೆ ಅರ್ಧ, 1947ರಿಂದ ಸೊನ್ನೆ. ಅಮೆರಿಕದ ಡೈಮ್, ಕ್ವಾರ್ಟರ್, ಅರ್ಧ ಡಾಲರ್‌ಗಳಲ್ಲಿ 1964ರವರೆಗೆ ನೂರಕ್ಕೆ ತೊಂಬತ್ತು. ಒಂದು ಮಧ್ಯಾಹ್ನ ಕೂತು ಬೆಳ್ಳಿ ಇರುವುದು, ಇಲ್ಲದಿರುವುದು ಎಂದು ಎರಡು ರಾಶಿ ಮಾಡಿ. ಅಣ್ಣನನ್ನೂ ಕೂರಿಸಿಕೊಳ್ಳಿ. ಅಪ್ಪ ಈ ದಪ್ಪ ಪುಸ್ತಕ ತೆಗೆದುಕೊಂಡದ್ದು ಬಹುಶಃ ಇಂಥ ಮಧ್ಯಾಹ್ನಗಳಿಗೇ. ಬೆಳ್ಳಿಯ ರಾಶಿಯಲ್ಲಿ 1980ರ ಬೆಲೆಗಿಂತ ಇವತ್ತಿನ ಬೆಲೆ ರೂಪಾಯಿಯಲ್ಲಿ ಎಷ್ಟೋ ಹೆಚ್ಚಿರುತ್ತದೆ, ನಿಕ್ಕಲ್ ರಾಶಿಯಲ್ಲಿ ಅಪ್ಪ ಬರೆದಷ್ಟೂ ಹುಟ್ಟದು. ಅಣ್ಣನ ಒಂದೇ ಗುಣಾಕಾರ ಎರಡೂ ಕಡೆ ತಪ್ಪಾಗುವುದು ಹೀಗೆ.

ಪುಸ್ತಕಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅವನ್ನು ರದ್ದಿಗೆ ಹಾಕಬೇಡಿ, ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಲೂ ಬೇಡಿ. ಹಳೇ ಕ್ಯಾಟಲಾಗುಗಳನ್ನೇ ಸಂಗ್ರಹಿಸುವವರಿದ್ದಾರೆ. 1972ರ ಮೊದಲ ಆವೃತ್ತಿಗೆ ಗಿರಾಕಿಗಳಿದ್ದಾರೆ, 1981ರದ್ದಕ್ಕೆ ದೊಡ್ಡ ದುಡ್ಡೇನೂ ಬರದು. ಆದರೆ ಯಾವ ನಾಣ್ಯ ಯಾವ ಬಂದರಿನಲ್ಲಿ, ಯಾವ ವರ್ಷ ಕೈಗೆ ಬಂತು ಎಂಬ ಬರಹ ಆ ನಾಣ್ಯದ ಜಾತಕ. ಮಾರುವುದಾದರೂ ಪುಸ್ತಕದ ಆ ಪುಟಗಳ ಫೋಟೊ ಜೊತೆಗಿದ್ದರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಥಾಲರ್‌ನಂಥ, ನಕಲು ಸಾಕಷ್ಟು ಓಡಾಡುವ ನಾಣ್ಯಕ್ಕೆ ‘ಏಡನ್ 66’ ಎಂಬ ಎರಡು ಪದ ಕಡಿಮೆ ಸಾಕ್ಷಿಯಲ್ಲ.

ಅಮ್ಮನ ಹುಣಸೆಹುಳಿಗೆ ಬರೋಣ. ಮೆಲ್ಲಗೆ ತಡೆಯಿರಿ. ಪಾತ್ರೆಗೆ ಹೊಳಪು ಬಂದರೆ ಬೆಲೆ, ನಾಣ್ಯಕ್ಕೆ ಹೊಳಪು ಬಂದರೆ ಬೆಲೆ ಹೋಯಿತು. ಲೋಹದ ಮೇಲೆ ದಶಕಗಳಲ್ಲಿ ಕೂತ ಬಣ್ಣವನ್ನು ಸಂಗ್ರಾಹಕರು ಕೊಳೆ ಎನ್ನುವುದಿಲ್ಲ, ಅದನ್ನೇ ಬಯಸುತ್ತಾರೆ. ಹುಳಿ ಮೇಲ್ಮೈಯನ್ನು ತಿನ್ನುತ್ತದೆ, ಬೂದಿಯಲ್ಲೋ ನಾರಿನಲ್ಲೋ ತಿಕ್ಕಿದ್ದು ಕೂದಲೆಳೆಯಂಥ ಗೀರು ಬಿಡುತ್ತದೆ. ಭೂತಗನ್ನಡಿಯಲ್ಲಿ ಅದು ಒಂದೇ ನೋಟಕ್ಕೆ ಕಾಣುತ್ತದೆ. ಅಪ್ಪ ಗುರುತು ಹಾಕಿದ ಕೊನೆಯ ಕಂಬವನ್ನು ಯಾವ ನಾಣ್ಯವಾದರೂ ಮುಟ್ಟುವಂತಿದ್ದರೆ ಅದೂ ಇಷ್ಟು ದೀಪಾವಳಿಗಳಲ್ಲಿ ಕೆಳಗಿಳಿದಿರುತ್ತದೆ. ಇದನ್ನು ಅಮ್ಮನಿಗೆ ಹೇಳುವ ಅಗತ್ಯವಿಲ್ಲ. ಅವರು ಗಂಡನ ವಸ್ತುವನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ಅಷ್ಟೇ. ‘ಇನ್ನು ತೊಳೆಯುವುದು ಬೇಡ ಅಂತೆ’ ಎಂದರೆ ಸಾಕು. ಒಂದು ಫೋಟೊದಲ್ಲಿ ಮೆತ್ತನೆಯ ಪ್ಲಾಸ್ಟಿಕ್ ಕವರಿನೊಳಗೆ ಹಸಿರು ಅಂಟು ಕಾಣುತ್ತಿದೆ. ಅದು ಪಿವಿಸಿ ಪ್ಲಾಸ್ಟಿಕ್, ಲೋಹವನ್ನು ಕೆಡಿಸುತ್ತದೆ. ಅದರಿಂದ ಹೊರತೆಗೆದು ಒಂದೊಂದನ್ನೂ ಸಣ್ಣ ಕಾಗದದ ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಅಪ್ಪ ಬರೆದದ್ದನ್ನು ನಕಲು ಮಾಡಿ. ಕರಾವಳಿಯ ಗಾಳಿಗೆ ಡಬ್ಬಿಯೊಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲ ಮುಗಿದ ಮೇಲೆ ಬದಲಿಸಿ.

ಮಗನಿಗೆ ಹೇಳಿ, ಕೊಳ್ಳುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ನೋಂದಣಿ ಶುಲ್ಕ, ಕಮಿಷನ್, ತೆರಿಗೆ ಎಂದು ಮೊದಲು ಹಣ ಕಟ್ಟಿಸಿಕೊಳ್ಳುವವರ ಬಗ್ಗೆ, ಅದರಲ್ಲೂ ತನ್ನದೇ ಹೆಸರು, ಲಾಂಛನ ಬಳಸಿ ಹಳೇ ನೋಟು, ನಾಣ್ಯದ ವ್ಯಾಪಾರ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದೆ. ಈಗಾಗಲೇ ಏನಾದರೂ ಕಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿಸಿ, ಸೈಬರ್ ವಂಚನೆಯ ದೂರಿಗೆ ಅದೇ ಸಂಖ್ಯೆ.

ಸರಿಯಾದ ಬೆಲೆ ತಿಳಿಯುವುದು ಹೇಗೆ? ಕ್ಯಾಟಲಾಗಿನಿಂದ ಅಲ್ಲ, ಈಚೆಗೆ ಹರಾಜಿನಲ್ಲಿ ಅಂಥದೇ ಸ್ಥಿತಿಯ ನಾಣ್ಯ ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದರಿಂದ. ಮಾರಾಟಕ್ಕಿಟ್ಟವರು ಬರೆದುಕೊಂಡ ಬೆಲೆಗೆ ಅರ್ಥವಿಲ್ಲ, ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಬೆಂಗಳೂರಿನಲ್ಲಿ ನಾಣ್ಯ ಪ್ರದರ್ಶನಗಳು ಆಗಾಗ ನಡೆಯುತ್ತವೆ. ಅಲ್ಲಿ ಬೆಳ್ಳಿ ರಾಶಿಯನ್ನೂ ಸಂದೇಹ ಇರುವ ನಾಲ್ಕೈದು ನಾಣ್ಯಗಳನ್ನೂ ಮೂವರು ಬೇರೆ ಬೇರೆ ವ್ಯಾಪಾರಿಗಳಿಗೆ ತೋರಿಸಿ ‘ನೀವು ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ?’ ಎಂದು ಕೇಳಿ. ‘ಇದಕ್ಕೆ ಬೆಲೆ ಎಷ್ಟು?’ ಎಂದು ಕೇಳಬೇಡಿ. ಈ ಎರಡು ಪ್ರಶ್ನೆಗೆ ಬರುವ ಉತ್ತರಗಳ ಅಂತರ ನೋಡಿದರೆ ಅಣ್ಣನಿಗೂ ಅರ್ಥವಾಗುತ್ತದೆ. ಬೆಲೆ ಕಟ್ಟಿಸಲಿಕ್ಕಲ್ಲ, ಸುಮ್ಮನೆ ನೋಡಲಿಕ್ಕೆ ಉಡುಪಿಯಲ್ಲೇ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯಕ್ಕೆ ಅಮ್ಮನನ್ನು ಒಮ್ಮೆ ಕರೆದುಕೊಂಡು ಹೋಗಿ. ನಾಣ್ಯವನ್ನು ಹೇಗೆ ಇಡಬೇಕು ಎಂಬುದು ನಾನು ಬರೆದುದಕ್ಕಿಂತ ಚೆನ್ನಾಗಿ ಅಲ್ಲಿ ಗೊತ್ತಾಗುತ್ತದೆ.

ಅಣ್ಣನಿಗೆ ಏನು ಹೇಳುವುದು ಎಂಬುದೇ ನಿಮ್ಮ ನಿಜವಾದ ಕಷ್ಟ. ಅವನು ಮೋಸ ಮಾಡಲು ಹೊರಟಿದ್ದಾನೆ ಎಂದು ನಾನು ಹೇಳಲಾರೆ. ಅಪ್ಪನ ಕೈಬರಹದಲ್ಲಿ ಒಂದು ಮೊತ್ತ ಕಂಡರೆ ಯಾವ ಮಗನಿಗಾದರೂ ಅದು ವೇದವಾಕ್ಯವೇ. ಹತ್ತು ಲಕ್ಷ ಎಂಬುದನ್ನು ಅವನು ನಿಜವಾಗಿ ನಂಬಿರಲೂಬಹುದು. ಅದನ್ನು ತಿಳಿಯಲು ಒಂದು ದಾರಿಯಿದೆ. ಅಮ್ಮನ ಎದುರಿಗೆ, ನಗುತ್ತಲೇ ಕೇಳಿ: ‘ಅಣ್ಣಾ, ಲಾಭದ ವಿಷಯ ಆದರೆ ನೀನೇ ಡಬ್ಬಿ ಇಟ್ಟುಕೋ. ನನ್ನ ಪಾಲಿನ ನಾಣ್ಯವೂ ನಿನಗೇ. ತೋಟದಲ್ಲಿ ನಿನ್ನ ಪಾಲು ನನಗೆ ಬರೆದುಕೊಡು.’ ಅವನು ಒಪ್ಪಿದರೆ ನಿಜಕ್ಕೂ ನಂಬಿದ್ದಾನೆ ಎಂದಾಯಿತು. ಆಗ ಮೇಲಿನದ್ದನ್ನೆಲ್ಲ ಓದಿ ಹೇಳಿ, ಅವನನ್ನೂ ನಷ್ಟದಿಂದ ಉಳಿಸಿ. ಒಪ್ಪದೆ ಮಾತು ಬದಲಿಸಿದರೆ ಜಗಳವಿಲ್ಲದೇ ಲೆಕ್ಕ ಅಲ್ಲಿಗೇ ತೀರಿತು. ಆಮೇಲೆ ತೋಟದ ಮಾತನ್ನು ತೋಟದ ಮಾತಾಗಿಯೇ ಆಡಿ. ಅಮ್ಮನ ಮುಂದಿನ ಖರ್ಚು, ಔಷಧಿ ಯಾರದು ಎಂಬುದೂ ಅದರಲ್ಲೇ ಬರಲಿ. ಅಣ್ಣ ತೋಟದಲ್ಲಿ ಇಷ್ಟು ವರ್ಷ ದುಡಿದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪಾಲಿನಲ್ಲಿ ಸ್ವಲ್ಪ ಬಿಟ್ಟುಕೊಡಬೇಕು ಅನಿಸಿದರೆ ಅವನ ದುಡಿಮೆಗೆಂದು ಬಿಟ್ಟುಕೊಡಿ, ಆಸ್ಟ್ರಿಯಾದ ರಾಣಿಯ ಹೆಸರಿನಲ್ಲಿ ಬೇಡ.

ಅಮ್ಮನಿಗೆ ಧೈರ್ಯ ಹೇಳಿ. ಪರದೇಶದ ನೋಟುಗಳನ್ನು ಇಟ್ಟುಕೊಳ್ಳಲು ಮಿತಿಯಿದೆ, ನಾಣ್ಯಗಳಿಗೆ ಇಲ್ಲ. ವಿದೇಶಿ ವಿನಿಮಯದ ನಿಯಮಗಳ ಪ್ರಕಾರ ಯಾರು ಬೇಕಾದರೂ ಎಷ್ಟು ಬೇಕಾದರೂ ವಿದೇಶಿ ನಾಣ್ಯ ಇಟ್ಟುಕೊಳ್ಳಬಹುದು. ಆದರೆ ಅಮೆರಿಕಕ್ಕೆ ಕಳಿಸುವ ಮಾತು ಬೇರೆ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಬರುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಮೇಲೆ 1780 ಎಂದು ಕೆತ್ತಿರುವ ಬೆಳ್ಳಿ ಬಿಲ್ಲೆಯನ್ನು ಕಸ್ಟಮ್ಸಿನವರು ಹಿಡಿದರೆ, ಇದು ಈಚಿನದು ಸಾರ್ ಎಂದು ರುಜುವಾತು ಮಾಡುವ ಹೊಣೆ ನಿಮ್ಮ ತಲೆಗೆ ಬರುತ್ತದೆ. ಚಿಕ್ಕಪ್ಪನ ಮಗನಿಗೆ ನಾಣ್ಯ ಕಳಿಸಬೇಡಿ. ಅಲ್ಲಿನ ಹರಾಜುಗಳಲ್ಲಿ ಈ ಥಾಲರ್ ಈಗ ಎಷ್ಟಕ್ಕೆ ಹೋಗುತ್ತಿದೆ ಎಂದು ನೋಡಿ ತಿಳಿಸಲು ಹೇಳಿ, ಆ ಉಪಕಾರ ಸಾಕು.